ಏಪ್ರಿಲ್ ಹತ್ತು: ಕನ್ನಡ ಶಾಲೆ ಊರಿಗೆ ಲೆಕ್ಕ ಒಪ್ಪಿಸುವ ದಿನ

ನೂರು ವರ್ಷ ತುಂಬಿದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಜಾಗ ದಾನ ಕೊಟ್ಟವರ ಹೆಸರಿರಬೇಕು, ಕೊಠಡಿ ಕಟ್ಟಿಸಿದವರ ಹೆಸರಿರಬೇಕು, ಮುಖ್ಯೋಪಾಧ್ಯಾಯರ ಪಟ್ಟಿ ಇರಬೇಕು, ಓದಿ ದೊಡ್ಡ ಹುದ್ದೆಗೆ ಹೋದವರ ಭಾವಚಿತ್ರಗಳಿರಬೇಕು. ಅವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಾನು ಬರೆಯಹೊರಟಿರುವುದು ವರ್ಷದ ಒಂದೇ ದಿನದ ಚರಿತ್ರೆ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಏಪ್ರಿಲ್ 10 ಎಂದರೆ ಏನೆಂದು ಹೇಳುತ್ತಾರೆ. ಅಂದು ಫಲಿತಾಂಶ, ಮರುದಿನದಿಂದ ಬೇಸಿಗೆ ರಜೆ. ಮಕ್ಕಳಿಗೆ ಅದು ಬಿಡುಗಡೆಯ ದಿನ. ಮೇಷ್ಟ್ರಾಗಿ ಬಾಳಿದ ನನಗೆ ಅದು ಶಾಲೆಯು ಊರಿನ ಮುಂದೆ ನಿಂತು ಲೆಕ್ಕ ಒಪ್ಪಿಸುವ ದಿನ. ಆ ದಿನ ಶಾಲೆ ಪೋಷಕರಿಗೆ ಏನು ಹೇಳುತ್ತಾ ಬಂತು, ಏನನ್ನು ನೆನಪಿಸುತ್ತಾ ಬಂತು ಎಂದು ನೋಡಿದರೆ ಈ ಸಂಸ್ಥೆ ನಡೆದುಬಂದ ದಾರಿ ಕಟ್ಟಡಗಳ ಚರಿತ್ರೆಗಿಂತ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಸರ್ಕಾರ ಶಾಲೆ ತೆರೆಯುವ ಮೊದಲೂ ನಮ್ಮ ಊರುಗಳಲ್ಲಿ ಓದು ಇತ್ತು. ಹಳೆ ಮೈಸೂರಿನ ಕಡೆ ಕೂಲಿಮಠ ಎಂದರು, ಕರಾವಳಿಯಲ್ಲಿ ಐಗಳ ಮಠ ಎಂದರು, ಧಾರವಾಡದ ಕಡೆ ಗಾವಠಿ ಶಾಲೆ ಎಂದರು. ಗುಡಿಯ ಜಗುಲಿ ಇಲ್ಲವೇ ಯಾರದೋ ಮನೆಯ ಪಡಸಾಲೆಯೇ ಶಾಲೆ, ಮರಳೇ ಮೊದಲ ಹಲಗೆ. ಮಗ್ಗಿ, ಕಾಗುಣಿತ, ಲೆಕ್ಕ, ಪತ್ರ ಬರೆಯುವ ಕ್ರಮ, ಅನುಕೂಲವಿದ್ದರೆ ಅಮರಕೋಶ. ಗುರುವಿಗೆ ಸಿಗುತ್ತಿದ್ದದ್ದು ಬಹುಪಾಲು ಧಾನ್ಯ. ಆ ಮಠಗಳಿಗೆ ಪರೀಕ್ಷೆಯೂ ಇರಲಿಲ್ಲ, ತರಗತಿಯೂ ಇರಲಿಲ್ಲ; ಓದು ಬಂದವನು ಮುಂದಿನ ಪಾಠಕ್ಕೆ ಹೋಗುತ್ತಿದ್ದ. ಆದರೆ ವರ್ಷಕ್ಕೊಮ್ಮೆ ಊರಿಗೆ ಮುಖ ತೋರಿಸುವ ಪದ್ಧತಿ ಅಲ್ಲಿಯೂ ಇತ್ತು. ಮಹಾನವಮಿ ಬಂದರೆ ಗುರುಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳ ಕೈಯಲ್ಲಿ ಬಣ್ಣದ ಬಿಲ್ಲು, ಬಾಯಲ್ಲಿ ಚೌಪದ. ಮಗ ಏನು ಕಲಿತಿದ್ದಾನೆಂದು ತಾಯಿ ಬಾಗಿಲಲ್ಲಿ ನಿಂತು ಕಿವಿಯಾರೆ ಕೇಳುತ್ತಿದ್ದಳು. ಕೇಳಿ ಸಂತೋಷವಾದರೆ ಗುರುಗಳ ಚೀಲಕ್ಕೆ ಅಕ್ಕಿಯೋ ಬೆಲ್ಲವೋ ಕಾಸೋ ಬೀಳುತ್ತಿತ್ತು. ಶಾಲೆಯೇ ಮನೆಯ ಬಾಗಿಲಿಗೆ ಹೋಗಿ ಕಲಿಸಿದ್ದನ್ನು ತೋರಿಸುತ್ತಿದ್ದ ಆ ಪದ್ಧತಿಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಇರಲೇ ಇಲ್ಲ ಎನ್ನುವುದನ್ನೂ ಅದರ ಜೊತೆಗೇ ಹೇಳಬೇಕು.

1854ರ ವುಡ್ ವರದಿಯ ನಂತರ ಕಾಲ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಬಂತು. ಶಾಸನಗಳ ಸಂಪಾದಕರೆಂದು ನಾವೆಲ್ಲ ಬಲ್ಲ ಬಿ.ಎಲ್. ರೈಸ್ ಇಲಾಖೆಯ ಹೊಣೆ ಹೊತ್ತಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಹೊರಟಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಅವರ ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಕರಾವಳಿಯಲ್ಲಿ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಶಾಲೆಗಳಿದ್ದವು, ಮುಂದೆ ಬೋರ್ಡ್ ಶಾಲೆಗಳೂ ಬಂದವು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಆಡಳಿತದ ಭಾಷೆ ಉರ್ದು. ಅಲ್ಲಿ ಕನ್ನಡ ಶಾಲೆ ಬೇರೂರಿದ್ದು ತಡವಾಗಿ, ಬಹಳ ಕಷ್ಟದಿಂದ.

ಈ ಹೊಸ ಶಾಲೆಗಳಲ್ಲಿ ವರ್ಷದ ಕೊನೆಯೆಂದರೆ ಇನ್ಸ್‌ಪೆಕ್ಟರ್ ಬರುವ ದಿನ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ ಸಾರಣೆ, ಬಾಗಿಲಿಗೆ ತೋರಣ. ಮಕ್ಕಳು ಒಗೆದ ಬಟ್ಟೆ ಉಟ್ಟು ಕೈಕಟ್ಟಿ ಕೂರುವರು. ಮದ್ರಾಸ್ ಮತ್ತು ಮುಂಬಯಿ ಪ್ರಾಂತ್ಯಗಳಲ್ಲಿ ಅನುದಾನಿತ ಶಾಲೆಗಳಿಗೆ ಹಣ ಮಂಜೂರಾಗುವುದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಯ ಮೇಲೆ ಎಂಬ ಪದ್ಧತಿ ಕೂಡ ಕೆಲವು ಕಾಲ ನಡೆಯಿತು. ಒಂದು ಮಗು ತಪ್ಪು ಉತ್ತರ ಹೇಳಿದರೆ ಮೇಷ್ಟ್ರ ಸಂಬಳಕ್ಕೇ ಪೆಟ್ಟು. ಮಹಾನವಮಿಯ ಪದ್ಧತಿಗೆ ಹೋಲಿಸಿದರೆ ಇಲ್ಲಿ ಆದ ದೊಡ್ಡ ಬದಲಾವಣೆ ಇಷ್ಟು: ಶಾಲೆ ಈಗ ಮೇಲಕ್ಕೆ ಲೆಕ್ಕ ಕೊಡತೊಡಗಿತು. ಊರಿನವರು ಬೇಲಿಯ ಆಚೆ ನಿಂತು ಸಾಹೇಬರ ಕುದುರೆಯನ್ನು ನೋಡಿದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಅಂದಿನಿಂದ ಮಗುವನ್ನು ಶಾಲೆಗೆ ಕಳುಹಿಸಿ ಎಂದು ಮನೆಯವರಿಗೆ ಹೇಳುವ ಅಧಿಕಾರ ಶಾಲೆಗೆ ಬಂತು. ಕಳುಹಿಸಿದ ಮೇಲೆ ಏನು ಕಲಿಸಿದೆವೆಂದು ಮನೆಯವರಿಗೆ ಹೇಳುವ ಹೊಣೆ ಬರುವುದಕ್ಕೆ ಇನ್ನೂ ಬಹಳ ವರ್ಷ ಬೇಕಾಯಿತು.

1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡಿಗರು ಒಂದಾದಾಗ ಐದು ಬಗೆಯ ಶಾಲೆಗಳೂ ಒಂದೇ ಇಲಾಖೆಗೆ ಬಂದವು. ಮುಂಬಯಿ ಕರ್ನಾಟಕದಲ್ಲಿ ತರಗತಿಗೆ ಇಯತ್ತೆ ಎನ್ನುತ್ತಿದ್ದರು, ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಶಾಲಾ ಮಾಸ್ತರಿಕೆಯೋ ತಲಾಠಿ ಕೆಲಸವೋ ಸಿಗುವ ಭರವಸೆ ಇತ್ತು. ಮೈಸೂರಿನ ಕಡೆ ಮಿಡ್ಲ್ ಸ್ಕೂಲ್ ಮುಗಿದ ಮೇಲೆ ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ. ಇವನ್ನೆಲ್ಲ ಹೊಂದಿಸಿ ಒಂದು ರಾಜ್ಯಕ್ಕೆ ಒಂದು ಪಠ್ಯ, ಒಂದು ವೇಳಾಪಟ್ಟಿ ಎಂದು ಮಾಡುವುದು ಸಣ್ಣ ಕೆಲಸವಾಗಿರಲಿಲ್ಲ. 1961ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ದಿನ ಫಲಿತಾಂಶ ಎಂಬ ಏಪ್ರಿಲ್ 10ರ ಪರಿಪಾಠ ಈ ಏಕೀಕೃತ ರಾಜ್ಯದಲ್ಲೇ ಗಟ್ಟಿಯಾಯಿತು. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳದು ಮಾತ್ರ ಕೇರಳದ ವೇಳಾಪಟ್ಟಿ. ಅಲ್ಲಿ ಮಾರ್ಚ್ ಕೊನೆಗೇ ಶಾಲೆ ಮುಚ್ಚುತ್ತದೆ, ಜೂನ್ ಮೊದಲಿಗೆ ಮಳೆಯೊಂದಿಗೆ ತೆರೆಯುತ್ತದೆ.

ಆ ದಶಕಗಳ ಏಪ್ರಿಲ್ 10 ಹೇಗಿರುತ್ತಿತ್ತು ಎಂಬುದನ್ನು ಈಗಿನ ಪೋಷಕರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿಂದಿನ ದಿನ ಕಪ್ಪುಹಲಗೆಗೆ ಇದ್ದಿಲು, ತೊಂಡೆಸೊಪ್ಪು ಅರೆದು ಬಳಿದಿರುತ್ತಿದ್ದರು. ಬೆಂಚು ಇದ್ದ ಶಾಲೆಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ, ಭೂಪಟಗಳನ್ನು ಸುತ್ತಿ ಬೀರುವಿನ ಮೇಲಿಡುತ್ತಿದ್ದರು. ಬೆಳಿಗ್ಗೆ ಮಕ್ಕಳು ದೇವರಿಗೆ ಕೈಮುಗಿದು, ಹಣೆಗೆ ವಿಭೂತಿಯೋ ಕುಂಕುಮವೋ ಇಟ್ಟುಕೊಂಡು, ಎಷ್ಟೋ ಮಂದಿ ಮೇಷ್ಟ್ರಿಗೆ ಹೂವು ಹಿಡಿದು ಬರುತ್ತಿದ್ದರು. ಮೇಷ್ಟ್ರು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿ ಪಾಸು, ನಪಾಸು ಎನ್ನುವರು. ಅಷ್ಟೇ. ಕನ್ನಡದಲ್ಲಿ ಚೆನ್ನಾಗಿದ್ದಾನೆ, ಭಾಗಾಕಾರದಲ್ಲಿ ತಡವರಿಸುತ್ತಾನೆ, ಕೈಬರಹ ಸುಧಾರಿಸಿದೆ ಎಂಬ ಮಾತು ಯಾವುದೂ ಇಲ್ಲ. ಇಡೀ ವರ್ಷದ ಕಲಿಕೆಗೆ ಒಂದೇ ಪದದ ತೀರ್ಪು.

ಆ ಒಂದು ಪದ ಎಷ್ಟು ಬದುಕುಗಳ ದಿಕ್ಕು ತಪ್ಪಿಸಿತು ಎಂದು ನೆನೆದರೆ ಇಂದಿಗೂ ನನಗೆ ನೋವಾಗುತ್ತದೆ. ಹುಡುಗ ನಪಾಸಾದರೆ ಎರಡು ಏಟು ಬಿದ್ದು ಮತ್ತದೇ ತರಗತಿಯಲ್ಲಿ ಕೂರುತ್ತಿದ್ದ. ಹುಡುಗಿ ನಪಾಸಾದರೆ ಬಹುಪಾಲು ಮನೆಗಳಲ್ಲಿ ಓದು ಅಲ್ಲಿಗೇ ನಿಲ್ಲುತ್ತಿತ್ತು. “ಮೇಷ್ಟ್ರೇ, ನಮ್ಮ ಮಗಳದ್ದು ಏನಾಯ್ತು?” ಎಂದು ಕೇಳುವ ತಾಯಿಗೆ “ಈ ಸಲ ಆಗಲಿಲ್ಲ ಕಣಮ್ಮ, ಇನ್ನೊಂದು ವರ್ಷ ಕಳಿಸು” ಎಂದರೆ ಆಕೆ ತಲೆಯಾಡಿಸಿ ಹೋಗುವಳು. ಜೂನ್‌ನಲ್ಲಿ ಆ ಹುಡುಗಿ ಎಮ್ಮೆ ಹೊಡೆದುಕೊಂಡು ಶಾಲೆಯ ಮುಂದೆಯೇ ಹೋಗುವುದನ್ನು ನಾವು ನೋಡಬೇಕಾಗುತ್ತಿತ್ತು. ಮಗು ಕಲಿಯದಿದ್ದರೆ ಅದರಲ್ಲಿ ಕಲಿಸಿದವರ ಪಾಲು ಎಷ್ಟು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಲೆಕ್ಕ ಒಪ್ಪಿಸಬೇಕಾದವರು ನಾವು. ಶಿಕ್ಷೆ ಮಾತ್ರ ಮಗುವಿಗೆ.

ಏಪ್ರಿಲ್ 10ಕ್ಕೆ ಜೋಡಿಯಾಗಿ ಬರುವ ಇನ್ನೊಂದು ತಾರೀಖು ಜೂನ್ 1. ನಮ್ಮ ಪೀಳಿಗೆಯ ಲಕ್ಷಾಂತರ ಕನ್ನಡಿಗರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1 ಎಂದೇ ಇದೆ. ತಾಯಿಗೆ ಮಗು ಹುಟ್ಟಿದ್ದು ಯಾವ ಮಳೆಯಲ್ಲಿ, ಯಾವ ಹಬ್ಬದ ಹಿಂದುಮುಂದು ಎಂಬುದು ಚೆನ್ನಾಗಿ ನೆನಪಿತ್ತು. ಇಸವಿ, ತಾರೀಖು ಬರೆದಿಟ್ಟವರಿರಲಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವರು. ಮುಟ್ಟಿತೆಂದರೆ ವಯಸ್ಸು ತುಂಬಿದೆ. ಆಮೇಲೆ ದಾಖಲಾತಿ ಪುಸ್ತಕದಲ್ಲಿ ಇಸವಿಯನ್ನು ಅಂದಾಜಿಸಿ, ತಿಂಗಳಿಗೆ ಶಾಲೆ ತೆರೆಯುವ ಜೂನ್, ದಿನಕ್ಕೆ 1 ಎಂದು ಬರೆಯುವರು. ಆ ಸಾಲಿನ ಮೇಲೆಯೇ ಮುಂದೆ ಆ ವ್ಯಕ್ತಿಯ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ನಿಂತವು. ಇದನ್ನು ಮೇಷ್ಟ್ರ ಸೋಮಾರಿತನ ಎಂದು ಆಡಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆ ಯಾವ ಕಾಗದದಲ್ಲೂ ಹೆಸರಿಲ್ಲದ ಮಗುವನ್ನು ಮೊದಲ ಸಲ ಒಂದು ಸರ್ಕಾರಿ ಪುಸ್ತಕದಲ್ಲಿ ಬರೆದುಕೊಂಡ ಸಂಸ್ಥೆ ಕನ್ನಡ ಶಾಲೆ. ಈಗ ಜನನ ಪ್ರಮಾಣಪತ್ರವಿಲ್ಲದ ಮಗು ಅಪರೂಪ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಪೋಷಕರು ದಿನ ಲೆಕ್ಕ ಹಾಕಿದ ರೀತಿ ನೋಡಿದರೆ, ಕಿವಿ ಮುಟ್ಟಿಸುತ್ತಿದ್ದ ಕಾಲ ಎಷ್ಟು ದೂರ ಸರಿಯಿತು ಎಂದು ತಿಳಿಯುತ್ತದೆ.

ಶಾಲೆ ಪೋಷಕರಿಗೆ ಹೇಳುವ ಮಾತಿನಲ್ಲಿ ಊಟ ಸೇರಿದ್ದು ಇನ್ನೊಂದು ದೊಡ್ಡ ತಿರುವು. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂದಾಗ ಹಾಜರಿ ಚೆನ್ನಾಗಿರುವ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಎಂದಾಯಿತು. ಅಕ್ಕಿ ಮನೆಗೆ ಹೋಯಿತು, ಮಗುವಿನ ತಟ್ಟೆಗೆ ಎಷ್ಟು ಬಂತೆಂದು ನಮಗೆ ತಿಳಿಯಲಿಲ್ಲ. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಎಂಬ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಎಲ್ಲ ಕಡೆ ಹಬ್ಬಿತು. ಬಿಸಿಯೂಟ ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. 2013ರ ಆಗಸ್ಟ್ 1ರಿಂದ ಹಾಲು, ಆಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. ಊಟ ಬಂದ ಮೇಲೆ ರಜೆಯ ಅರ್ಥವೇ ಬದಲಾಯಿತು. ಬಡ ಮನೆಯ ಮಗುವಿಗೆ ಏಪ್ರಿಲ್ 11 ಎಂದರೆ ಒಂದು ಹೊತ್ತಿನ ಊಟ ನಿಲ್ಲುವ ದಿನ. ಬರ ಬಿದ್ದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಬರದ ಬೇಸಿಗೆಯಲ್ಲಿ ನಮ್ಮ ರಾಜ್ಯದ ಶಾಲೆಗಳ ಅಡುಗೆಮನೆಗಳಲ್ಲಿ ಒಲೆ ಉರಿಯಿತು. ಆ ದಿನಗಳಲ್ಲಿ ಬೆಂಕಿಯ ಮುಂದೆ ನಿಂತ ಅಡುಗೆಯವರ ಹೆಸರನ್ನು ಇಂಥ ಸಂಚಿಕೆಗಳು ಮರೆಯಬಾರದು. ಮುಖ್ಯೋಪಾಧ್ಯಾಯರ ಪಟ್ಟಿಯ ಪಕ್ಕದಲ್ಲೇ ಅವರ ಪಟ್ಟಿಯೂ ಅಚ್ಚಾಗಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.

ಬೇಲಿಯ ಆಚೆ ನಿಂತಿದ್ದ ಊರು ಒಳಗೆ ಬಂದದ್ದು 2001ರಲ್ಲಿ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯ ಮೇಲೆ ಆ ವರ್ಷದ ಏಪ್ರಿಲ್ 28ರಂದು ಸರ್ಕಾರ ಆದೇಶ ಹೊರಡಿಸಿ ಪ್ರತಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಿತು. ಎಸ್‌ಡಿಎಂಸಿ ಎಂದು ನಾವೆಲ್ಲ ಕರೆಯುವ ಈ ಸಮಿತಿಯಲ್ಲಿ ಮಕ್ಕಳ ತಂದೆತಾಯಂದಿರೇ ಹೆಚ್ಚು, ಅಧ್ಯಕ್ಷರೂ ಪೋಷಕರೇ. ಹೆಬ್ಬೆಟ್ಟು ಒತ್ತುವ ತಾಯಿಯೊಬ್ಬಳು ಶಾಲೆಯ ಖರ್ಚಿನ ಪಟ್ಟಿಯನ್ನು ಓದಿಸಿ ಕೇಳಿ, ಇಷ್ಟಕ್ಕೆ ಏಕೆ ಇಷ್ಟು ಎಂದು ಪ್ರಶ್ನಿಸಿದ್ದನ್ನು ನಾನು ಕಂಡಿದ್ದೇನೆ. ಕೆಲವು ಸಹೋದ್ಯೋಗಿಗಳಿಗೆ ಅದು ಅವಮಾನವೆನಿಸಿತು. ನನಗೆ ನಮ್ಮ ಶಾಲೆ ಅಂದು ದೊಡ್ಡದಾಯಿತು ಎನ್ನಿಸಿತು. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವೂ ಬಂದು ಏಪ್ರಿಲ್ 10ಕ್ಕೆ ಜೋಡಿಕೊಂಡಿತು. ಹೆಸರು ಕೂಗಿ ಕಳುಹಿಸುವ ಬದಲು ಪೋಷಕರನ್ನು ಕೂರಿಸಿ, ಮಗುವಿನ ಉತ್ತರ ಪತ್ರಿಕೆಯನ್ನು, ಕೃತಿ ಸಂಪುಟವನ್ನು ಅವರ ಕೈಗಿತ್ತು ಮಾತಾಡುವ ದಿನವಾಯಿತು ಅದು. ಮಹಾನವಮಿಯಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿ ಈಗ ಶಾಲೆಯ ಒಳಗೆ ಕೂತು ಕೇಳುತ್ತಾಳೆ.

ಕೇಳುವುದಕ್ಕೂ ಏನಾದರೂ ಇರಬೇಕಲ್ಲ. ಅದನ್ನು ಕೊಟ್ಟದ್ದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ ಅದು. ಯುನಿಸೆಫ್ ನೆರವು ಇತ್ತು. 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ, ಮರುವರ್ಷ 3ಕ್ಕೂ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಕಾರ್ಡುಗಳು, ತಲೆಯ ಮೇಲೆ ಮಕ್ಕಳದೇ ಚಿತ್ರಗಳನ್ನು ತೂಗುಹಾಕಿದ ಚಪ್ಪರ, ಗೋಡೆಯಲ್ಲಿ ಹವಾಮಾನ ನಕ್ಷೆ. ಒಂದೊಂದು ಮಗು ತನ್ನ ವೇಗದಲ್ಲಿ ಒಂದೊಂದು ಮೆಟ್ಟಿಲು ಏರುತ್ತದೆ, ಎಲ್ಲಿದೆ ಎಂಬುದು ಪ್ರಗತಿ ನೋಟದಲ್ಲಿ ಕಾಣುತ್ತದೆ. ಈ ಮಗು ಇಂತಿಂಥ ಅಕ್ಷರಗಳವರೆಗೆ ಬಂದಿದೆ, ಒತ್ತಕ್ಷರ ಇನ್ನೂ ಆಗಬೇಕು ಎಂದು ತಾಯಿಗೆ ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಆಗ. ರಜೆಯಿಂದ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ; ನಪಾಸು ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಕಾರ್ಡುಗಳು ಹರಿದು ಹೊಸವು ಬಾರದ ಶಾಲೆಗಳಲ್ಲಿ, ಒಬ್ಬರೇ ಶಿಕ್ಷಕರಿರುವಲ್ಲಿ ಈ ಪದ್ಧತಿ ಸೊರಗಿತು. ಆ ಕೊರತೆಯನ್ನು ಪದ್ಧತಿಯ ತಲೆಗೆ ಕಟ್ಟಬಾರದು.

ಶಿಕ್ಷಣದ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ 8ನೇ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ಉಳಿಸುವಂತಿಲ್ಲ ಎಂದಾಯಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳಲ್ಲಿ ಆ ಬಾಗಿಲನ್ನು ರಾಜ್ಯಗಳಿಗೆ ಮತ್ತೆ ತೆರೆಯಿತು. ಕರ್ನಾಟಕದಲ್ಲಿ ಆ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಹೋದಾಗ ವಿವಾದ ಹೈಕೋರ್ಟಿಗೆ ಹೋಗಿ, 2024ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಾರ್ಚ್‌ನಲ್ಲಿ ಪರೀಕ್ಷೆ ಶುರುವಾಗಿ, ನಿಂತು, ಮತ್ತೆ ನಡೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನು ತಡೆಹಿಡಿಯಿತು. ಎರಡೇ ದಿನ ಕಳೆದರೆ ಏಪ್ರಿಲ್ 10. ಹತ್ತು ವರ್ಷದ ಮಗು ಶಾಲೆಗೆ ಬಂದು ನನ್ನದೇನಾಯಿತು ಎಂದು ಕೇಳಿದರೆ ಹೇಳಲು ಶಿಕ್ಷಕರಲ್ಲಿ ಉತ್ತರವಿರಲಿಲ್ಲ. ಪರೀಕ್ಷೆ ಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆ ತಿಳಿದವರಿದ್ದಾರೆ. ನನ್ನ ಮಟ್ಟಿಗೆ, ಪ್ರಾಥಮಿಕ ಶಾಲೆಯ ಮಗುವಿನ ಕಲಿಕೆಯನ್ನು ಅಳೆಯಬೇಕಾದವರು ದಿನವೂ ಅದರ ಮುಖ ನೋಡುವ ಶಿಕ್ಷಕರೇ. ಅಳೆದದ್ದು ಸಾಲದೆಂದು ಕಂಡರೆ ಬೇಸಿಗೆಯಲ್ಲೋ ಜೂನ್‌ನಲ್ಲೋ ಆ ಮಗುವಿಗೆ ಮತ್ತೆ ಕಲಿಸಬೇಕು.

2020ರ ಏಪ್ರಿಲ್ 10 ಮಾತ್ರ ಬಂದದ್ದೂ ಗೊತ್ತಾಗಲಿಲ್ಲ. ಕೊರೊನಾದ ಲಾಕ್‌ಡೌನ್. ಕಿರಿಯ ತರಗತಿಗಳ ಮಕ್ಕಳೆಲ್ಲ ಪರೀಕ್ಷೆಯಿಲ್ಲದೆ ಮುಂದಿನ ತರಗತಿಗೆ ಹೋದರು. ಆಗಸ್ಟಿನಲ್ಲಿ ವಿದ್ಯಾಗಮ ಬಂದು ಶಿಕ್ಷಕರು ಗುಡಿಯ ಜಗುಲಿಗೆ, ಅರಳಿಕಟ್ಟೆಗೆ ಹೋಗಿ ಕಲಿಸಿದರು. ಕೂಲಿಮಠದ ಜಗುಲಿಗೇ ಸರ್ಕಾರಿ ಶಾಲೆ ಮರಳಿತ್ತು. ಕಳೆದುಹೋದ ಕಲಿಕೆಯನ್ನು ತುಂಬಲು 2022ರಲ್ಲಿ ರಜೆಯನ್ನು ಮೊಟಕುಗೊಳಿಸಿ ಮೇ 16ಕ್ಕೇ ಶಾಲೆ ತೆರೆದು ‘ಕಲಿಕಾ ಚೇತರಿಕೆ’ ನಡೆಸಿದರು.

ಇಷ್ಟೆಲ್ಲ ಬರೆದದ್ದು ಒಂದು ಮಾತಿಗೆ ಬರಲು. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ. 48 ದಿನ. ಕನ್ನಡ ಶಾಲೆ ತನ್ನ ಮಕ್ಕಳನ್ನು ಕಳೆದುಕೊಳ್ಳುವುದು ಬಹುಪಾಲು ಈ 48 ದಿನಗಳಲ್ಲಿ. ಕಲ್ಯಾಣ ಕರ್ನಾಟಕದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುಂಬಯಿಗೆ, ಗೋವೆಗೆ ಹೊರಡುತ್ತವೆ. ಮಗುವೂ ಗಂಟಿನ ಜೊತೆ ಹೋಗುತ್ತದೆ. ಇಟ್ಟಿಗೆ ಗೂಡಿಗೆ, ಹುಣಸೆ ಬಡಿಯಲು ಹೋದ ಹುಡುಗ ಕೈಗೆ ಬಂದ ಕೂಲಿಯ ರುಚಿ ಕಂಡು ಮೇ ಕೊನೆಗೆ ಚೀಲ ಹುಡುಕುವುದಿಲ್ಲ. ಏಳನೇ ತರಗತಿ ಮುಗಿಸಿದ ಹುಡುಗಿಯ ಪ್ರೌಢಶಾಲೆ ಮುಂದಿನ ಊರಿನಲ್ಲಿದ್ದರೆ, ಬೇಸಿಗೆಯ ಮದುವೆ ದಿನಗಳು ಕಳೆಯುವಷ್ಟರಲ್ಲಿ ಅವಳ ಓದೇ ಮುಗಿದಿರುತ್ತದೆ. ಚಿಣ್ಣರ ಅಂಗಳ, ಬಾ ಬಾಲೆ ಶಾಲೆಗೆ, ಕೂಲಿಯಿಂದ ಶಾಲೆಗೆ ಎಂದು ಸರ್ಕಾರ ನಡೆಸಿದ ಕಾರ್ಯಕ್ರಮಗಳೆಲ್ಲ ಹೀಗೆ ಕೈತಪ್ಪಿದ ಮಕ್ಕಳನ್ನು ಕರೆತರಲು ಹುಟ್ಟಿದವು. ಅವುಗಳಿಂದ ಸಾವಿರಾರು ಮಕ್ಕಳು ಮರಳಿ ಬಂದರು. ಹೋಗುವ ಮೊದಲೇ ತಡೆಯುವುದು ಅದಕ್ಕಿಂತ ಸುಲಭ, ಮತ್ತು ಆ ಕೆಲಸ ಏಪ್ರಿಲ್ 10ರ ಸಭೆಯಲ್ಲೇ ಆಗಬೇಕು.

ಅದೇ 48 ದಿನಗಳಲ್ಲಿ ಇನ್ನೊಂದು ಬಗೆಯಲ್ಲೂ ಮಕ್ಕಳು ಹೋಗುತ್ತಾರೆ. ಖಾಸಗಿ ಶಾಲೆಯ ಹಳದಿ ವ್ಯಾನ್ ಊರಿಗೆ ಬರುತ್ತದೆ. “ಸಾರ್, ಇಂಗ್ಲಿಷ್ ಮೀಡಿಯಂಗೆ ಹಾಕ್ತೀವಿ, ಟೀಸಿ ಕೊಟ್ಬಿಡಿ” ಎಂದು ಬರುವ ತಂದೆಯ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. 1994ರ ಭಾಷಾ ನೀತಿಯಿಂದ ಹಿಡಿದು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂಬ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಇಪ್ಪತ್ತು ವರ್ಷ ನಾವು ನ್ಯಾಯಾಲಯದಲ್ಲಿ ಹೋರಾಡಿದೆವು. ಆ ಹೊತ್ತಿಗೆ ಊರಿನಲ್ಲಿ ಪೋಷಕರು ತೀರ್ಮಾನ ಮಾಡಿಯಾಗಿತ್ತು. 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಭಾಷೆಯ ಕಲಿಕೆ ಬಂತು, 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ನಾನು ಕನ್ನಡದಲ್ಲಿ ಕಲಿಸಿದವನು. ಮಗು ತನಗೆ ತಿಳಿದ ಭಾಷೆಯಲ್ಲೇ ಲೆಕ್ಕವನ್ನೂ ವಿಜ್ಞಾನವನ್ನೂ ಚೆನ್ನಾಗಿ ಕಲಿಯುತ್ತದೆ ಎಂಬುದು ನನ್ನ ಅನುಭವದ ಮಾತು. ಇದನ್ನು ಭಾಷಣದಲ್ಲಿ ಹೇಳಿದರೆ ತಂದೆತಾಯಿ ನಂಬುವುದಿಲ್ಲ. ಮಗು ಅವರ ಮುಂದೆ ನಿಂತು ಪತ್ರಿಕೆಯ ಸುದ್ದಿ ಓದಿ ಅರ್ಥ ಹೇಳಿದರೆ, ಪಡಿತರ ಅಂಗಡಿಯ ಚೀಟಿಯನ್ನು ಕೂಡಿ ಕಳೆದು ತೋರಿಸಿದರೆ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಅಳುಕಿಲ್ಲದೆ ಆಡಿದರೆ ನಂಬುತ್ತಾರೆ. ಏಪ್ರಿಲ್ 10ರಂದು ನಡೆಯಬೇಕಾದದ್ದು ಇದೇ.

ಆದ್ದರಿಂದ ಶತಮಾನೋತ್ಸವದ ವರ್ಷದಲ್ಲಿ ಶಾಲೆಗೆ ಮತ್ತು ಎಸ್‌ಡಿಎಂಸಿಗೆ ನನ್ನದೊಂದು ಸಲಹೆಯಿದೆ. ಏಪ್ರಿಲ್ 10ರ ಸಭೆಯಲ್ಲಿ ಈ ವರ್ಷದ ಫಲಿತಾಂಶ ಓದುವ ಮೊದಲು ಹಿಂದಿನ ವರ್ಷದ ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರು ಓದಿ. ಈ ಮಗು ನಮ್ಮಲ್ಲೇ ಇದೆ, ಈ ಮಗು ಇಂಥ ಪ್ರೌಢಶಾಲೆಯಲ್ಲಿದೆ, ಈ ಕುಟುಂಬ ಇಂಥ ಕಡೆ ಹೋಗಿದೆ ಎಂದು ಊರಿನವರ ಮುಂದೆ ಹೇಳಿ. ಎಲ್ಲಿದೆಯೆಂದು ತಿಳಿಯದ ಮಗುವಿನ ಹೆಸರು ಬಂದಾಗ ಸಭೆಯಲ್ಲಿ ಯಾರಾದರೊಬ್ಬರಿಗೆ ಗೊತ್ತಿರುತ್ತದೆ. ಸಂಬಂಧಿಕರ ಫೋನ್ ನಂಬರ್ ಅಲ್ಲೇ ಸಿಗುತ್ತದೆ. ಹಳೆಯ ವಿದ್ಯಾರ್ಥಿಗಳು ಬಣ್ಣ, ಬೆಂಚು, ಗಡಿಯಾರ ಕೊಡಲು ಮುಂದೆ ಬಂದಿರುವುದು ಸಂತೋಷ. ಅವರಲ್ಲಿ ಊರಿನಲ್ಲೇ ಇರುವವರು ಮೇ ಕೊನೆಯ ವಾರ ಶಿಕ್ಷಕರ ಜೊತೆ ಮನೆಮನೆಗೆ ನಡೆದರೆ ಅದು ಇನ್ನೂ ದೊಡ್ಡ ಕೊಡುಗೆ. ಪರಿಚಿತ ಮುಖ ಬಾಗಿಲಿಗೆ ಬಂದು “ಅಕ್ಕಾ, ನಾಳೆಯಿಂದ ಸ್ಕೂಲು, ಮಗಳನ್ನು ಕಳಿಸು” ಎಂದರೆ ಇಲ್ಲವೆನ್ನುವುದು ಕಷ್ಟ.

ಪೋಷಕರಿಗೂ ಈ ಸಂಚಿಕೆಯ ಮೂಲಕವೇ ಕೆಲವು ಮಾತು. ಪ್ರಗತಿ ಪತ್ರವನ್ನು ಮಗುವಿನ ಕೈಯಲ್ಲಿ ತರಿಸಿಕೊಳ್ಳಬೇಡಿ, ನೀವೇ ಬಂದು ಶಿಕ್ಷಕರಿಂದ ಪಡೆಯಿರಿ. ಕೆಲಸ ಬಿಟ್ಟು ಬರಲಾಗದಿದ್ದರೆ ಸಂಜೆ ಬನ್ನಿ, ಶಿಕ್ಷಕರು ಕಾಯುತ್ತಾರೆ. ಹರಿಯದ ಹಳೆಯ ಪಠ್ಯಪುಸ್ತಕಗಳನ್ನು ಶಾಲೆಗೆ ಮರಳಿಸಿದರೆ ಹೊಸ ಪುಸ್ತಕ ತಡವಾದಾಗ ಕೆಳಗಿನ ತರಗತಿಯ ಮಕ್ಕಳಿಗೆ ಒದಗುತ್ತವೆ. ಬೇಸಿಗೆಯಲ್ಲಿ ಕೈತೋಟದ ಗಿಡಗಳಿಗೆ ನೀರು ಹಾಕುವ ಸರದಿಯನ್ನು ಶಾಲೆಯ ಸುತ್ತಲಿನ ಮನೆಯ ಮಕ್ಕಳು ವಹಿಸಿಕೊಳ್ಳಲಿ. ಕೆರೆ, ಕಾಲುವೆ, ಕೃಷಿ ಹೊಂಡದ ಬಳಿ ಮಕ್ಕಳು ಒಬ್ಬೊಬ್ಬರೇ ಹೋಗದಂತೆ ನೋಡಿಕೊಳ್ಳಿ. ಪ್ರತಿ ಬೇಸಿಗೆಯೂ ಎಲ್ಲಾದರೊಂದು ಊರಿನಿಂದ ಕೆಟ್ಟ ಸುದ್ದಿ ಬರುತ್ತದೆ. ದುಡಿಯಲು ಊರು ಬಿಡುವವರು ಹೊರಡುವ ಮುನ್ನ ಶಾಲೆಗೆ ಒಂದು ಮಾತು ತಿಳಿಸಿ. ಅಜ್ಜಿಯ ಮನೆಯಲ್ಲಿ ಬಿಡಲು ಆಗುವುದಾದರೆ ಮಗುವನ್ನು ಬಿಟ್ಟು ಹೋಗಿ, ಆಗದಿದ್ದರೆ ಹೋದ ಊರಿನ ಸರ್ಕಾರಿ ಶಾಲೆಗೆ ಸೇರಿಸಿ, ಅಲ್ಲಿಗೆ ಬೇಕಾದ ಕಾಗದ ಇಲ್ಲಿಂದ ಸಿಗುತ್ತದೆ. ಏಳನೇ ತರಗತಿ ಮುಗಿಸಿದವರ ವರ್ಗಾವಣೆ ಪತ್ರಗಳನ್ನು ತೆಗೆದುಕೊಂಡು ಹೋಗುವಾಗ ಮಗುವನ್ನು ಯಾವ ಪ್ರೌಢಶಾಲೆಗೆ ಸೇರಿಸುತ್ತೀರಿ ಎಂದು ಕಚೇರಿಯ ಪುಸ್ತಕದಲ್ಲಿ ಬರೆಸಿ ಹೋಗಿ.